ಹಗ್ಗದ ಈ ತುದಿ

ಲಂಗರಿನ ಗುರುತಿಗೆ ತೇಲಬಿಟ್ಟ ಡಬ್ಬದ ಮೇಲೆ ಆ ಬಿಳಿ ಹಕ್ಕಿ ಒಂದು ಕಾಲೆತ್ತುತ್ತಿದೆ, ಇನ್ನೊಂದು ಇಡುತ್ತಿದೆ, ಅದಕ್ಕೂ ಈ ನೀರಿಗೆ ಕಾಲು ತಾಗಿಸಲು ಮನಸ್ಸಿಲ್ಲ, ನನಗೇನು ಮನಸ್ಸಿತ್ತೇ ಬೆಳಗ್ಗೆ ದೋಣಿ ಹತ್ತಲು — ಹಕ್ಕಿ ನೋಡುತ್ತ ಕೂರಬೇಡ, ಹಗ್ಗ ನೋಡು, ಹಗ್ಗ ಕೈಯಲ್ಲಿದೆ, ಎಡಗೈಯ ಬೆರಳುಗಳ ಮೇಲೆ, ತೀರಾ ಬಿಗಿಯಲ್ಲ, ತೀರಾ ಜೋಲೂ ಅಲ್ಲ, ನಾಯಿ ಹಿಡ್ಕೊಂಡ ಹಾಗೆ ಹಿಡ್ಕೋಬೇಡ ಅಕ್ಕ, ಪ್ರತಿ ಸಲ ಇಳಿಯುವ ಮುಂಚೆ ಇದೇ ಮಾತು, ಅಂದು ಮುಗಿಸಿ ಬಾಯಿಗೆ ಗಾಳಿಯ ಕೊಳವೆ ಕಚ್ಚಿಕೊಂಡು ದೋಣಿಯ ಅಂಚಿನಿಂದ ಹಿಂದಕ್ಕೆ ಬಿದ್ದುಬಿಡುತ್ತಾಳೆ, ನಾನು ತಿರುಗಿ ಏನೂ ಅನ್ನುವ ಹಾಗಿಲ್ಲ. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ನನ್ನ ತಂಗಿ, ನಡುವೆ ಹತ್ತಾಳು ನೀರು. ನಾನು ಒಂದು ಸಲ ಎಳೆದರೆ ಸರಿ ಇದ್ದೀಯಾ ಅಂತ, ಅವಳು ಒಂದು ಸಲ ಎಳೆದರೆ ಸರಿ ಇದ್ದೀನಿ ಅಂತ, ನಾನು ನಾಲ್ಕು ಎಳೆದರೆ ಮೇಲೆ ಬಾ, ಅವಳೂ ನಾಲ್ಕು ಎಳೆದರೆ ಬರ್ತಿದ್ದೀನಿ, ಇಷ್ಟೇ, ಮನೆಯಲ್ಲಿ ಊಟಕ್ಕೆ ಕೂತರೆ ಇಬ್ಬರಿಗೂ ಬಾಯಿ ನಿಲ್ಲುವುದಿಲ್ಲ, ಅನ್ನ ಆರಿಹೋಗುತ್ತದೆ, ಇಲ್ಲಿ ಮಾತ್ರ ಇಷ್ಟರಲ್ಲೇ ಸಂಸಾರ. ಎಳೆಯುತ್ತೇನೆ. ಕಾಯುತ್ತೇನೆ. ಬಂತು, ಒಂದು. ಸರಿ ಇದ್ದಾಳೆ, ಕಪ್ಪೆ ಸರಿ ಇದ್ದಾಳೆ, ಕಪ್ಪೆ ಅಂತ ಹೆಸರಿಟ್ಟವಳು ನಾನೇ, ನೆಟ್ಟಗೆ ನಡೆಯಲು ಬರುವ ಮುಂಚೆ ಬಕೆಟ್ಟಿನ ನೀರಿಗೆ ಮುಖ ಅದ್ದಿ ಗುಳುಗುಳು ಮಾಡಿ ನಗುತ್ತಿದ್ದ ಮಗು, ಈಗ ಪ್ರಯೋಗಾಲಯದಲ್ಲಿ ಕಾವಲಿನವನಿಗೂ ಅವಳು ಕಪ್ಪೆ ಮೇಡಂ. ಒಬ್ಬರು ಇಳಿದರೆ ಇನ್ನೊಬ್ಬರು ಉಡುಪು ಹಾಕಿ ಮೇಲೆ ತಯಾರಾಗಿ ಕೂತಿರಬೇಕು, ಅದು ನಿಯಮ, ಆದರೆ ಕೂರಬೇಕಾದ ಹುಡುಗನಿಗೆ ನೆಗಡಿ, ಕಿವಿ ಕಟ್ಟಿದೆ, ಕಿವಿ ಕಟ್ಟಿದವನು ಮುಳುಗಿದರೆ ಕಿವಿಯೇ ಹೋಗುತ್ತದೆ, ನನ್ನದು ಹೋದ ಹಾಗೆ, ಬಲಗಿವಿಯಲ್ಲಿ ಈಗಲೂ ಸದಾ ಸಣ್ಣದೊಂದು ಶಿಳ್ಳೆ, ಇನ್ನು ನೀರಿಗಿಳಿದರೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತಾಗಲ್ಲಮ್ಮ, ಅಂದಿದ್ದರು ಡಾಕ್ಟರು — ಒಂದೇ ಸಲ ಇಳಿಯೋದು ತಾನೆ, ನೀವಿದ್ದೀರಲ್ಲ, ನೋಡ್ಕೊಳ್ಳಿ, ಅಂದರು ಹಿರಿಯ ವಿಜ್ಞಾನಿ, ಫೋನಿನಲ್ಲಿ, ಬಾಯಲ್ಲಿ ಏನೋ ಅಗಿಯುತ್ತ. ನಾನಿದ್ದೇನೆ. ಹಿಂದೆ ದೋಣಿ ನಡೆಸುವವನಿದ್ದಾನೆ, ಏನು ಕೇಳಿದರೂ ಐದೇ ನಿಮಿಷ ಅನ್ನುವುದರಿಂದ ಗಡಿಯಾರ ಅಂತ ಕರೆಯುತ್ತೇವೆ, ಅವನಿಗೆ ಈಜು ಬರುತ್ತದೆ, ಮುಳುಗುವ ಕೆಲಸ ಬರುವುದಿಲ್ಲ. ಅಮ್ಮ ಹೇಳಿದ್ದಳು, ಇಬ್ಬರೂ ಒಂದೇ ದೋಣಿ ಹತ್ತಬೇಡ್ರೇ, ಒಬ್ಬಳಾದ್ರೂ ನೆಲದ ಮೇಲಿರಿ, ನಾನು ನಕ್ಕು, ಅವಳು ಕೆಳಗೆ ನಾನು ಮೇಲೆ, ಹಗ್ಗ ನನ್ನ ಕೈಲೇ ಇರುತ್ತಲ್ಲಮ್ಮ, ಅಂದೆ, ಅಮ್ಮ ಅಷ್ಟಕ್ಕೇ ಸಮಾಧಾನವಾಗಿ ಫೋನ್ ಇಟ್ಟಳು.

ಕೆಳಗೆ ಏನೂ ಕಾಣುವುದಿಲ್ಲ, ನನ್ನ ಕೈ ನನಗೇ ಕಾಣಲ್ಲ ಅಕ್ಕ, ಮುಟ್ಟಿ ಮುಟ್ಟಿ ಕೆಲಸ ಮಾಡ್ತೀನಿ, ಅಂದಿದ್ದಳು ಹೋದ ಸಲ. ಮೊದಲು ಪಾಚಿ ಉಕ್ಕಿತು, ಒಂದೊಂದಾಗಿ ಕಣ್ಣಿಗೆ ಕಾಣದ ಪಾಚಿ, ಕೊಲ್ಲಿಯೆಲ್ಲ ಇಟ್ಟಿಗೆ ತೊಳೆದ ನೀರಿನ ಬಣ್ಣ, ಜನ ಬಂದು ಫೋಟೋ ತೆಗೆದುಕೊಂಡು ಹೋದರು, ಆಮೇಲೆ ಪಾಚಿ ಸತ್ತಿತು, ಸತ್ತದ್ದು ತಳಕ್ಕಿಳಿದು ಕೊಳೆಯುತ್ತಿದೆ, ಕೊಳೆಯುತ್ತ ಕೊಳೆಯುತ್ತ ನೀರಿನಲ್ಲಿ ಬೆರೆತಿದ್ದ ಆಮ್ಲಜನಕವನ್ನೆಲ್ಲ ತಿಂದು ಮುಗಿಸಿದೆ, ಇದನ್ನೇ ನಾನು ತರಗತಿಯಲ್ಲಿ ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತೇನೆ, ಗೆರೆ ಇಳಿಯುತ್ತದೆ, ಸೊನ್ನೆ ಮುಟ್ಟುತ್ತದೆ, ಹಿಂದಿನ ಸಾಲಿನಲ್ಲಿ ಯಾರಾದರೂ ಆಕಳಿಸುತ್ತಾರೆ. ಬೆಳಗ್ಗೆ ದೋಣಿಕಟ್ಟೆಯ ಕಂಬಗಳ ತುಂಬ ಏಡಿಗಳು, ಒಂದರ ಮೇಲೊಂದು, ಹೊರಟ ಬಸ್ಸಿಗೆ ನುಗ್ಗುವವರ ಹಾಗೆ, ನೀರು ಬಿಟ್ಟು ಹತ್ತಿ ಬಿಸಿಲಿಗೆ ಅಂಟಿಕೊಂಡಿದ್ದವು, ಪಾಪ ಇವಕ್ಕೂ ವರ್ಗಾವಣೆ ಬೇಕಂತೆ, ಅಂದಳು ಕಪ್ಪೆ, ಗಡಿಯಾರ ನಕ್ಕ, ನಾನೂ ನಕ್ಕೆ, ನಗು ಮುಗಿಯುವ ಮುಂಚೆಯೇ ಅನ್ನಿಸಿತು, ಜೀವ ಇರುವುದೆಲ್ಲ ಬಿಟ್ಟು ಓಡುತ್ತಿರುವ ಕಡೆಗೆ ಇವಳೊಬ್ಬಳು ಹೊರಟಿದ್ದಾಳೆ. ಇಲ್ಲ, ಬೆನ್ನ ಮೇಲೆ ಸಿಲಿಂಡರ್ ಇದೆ, ತುಂಬಿದ್ದು, ಗಾಳಿಯ ಒತ್ತಡ ತೋರಿಸುವ ಮುಳ್ಳು ನಾನೇ ನೋಡಿದ್ದೇನೆ, ಏಡಿಗೂ ಅವಳಿಗೂ ಎಲ್ಲಿಂದೆಲ್ಲಿಯ ಸಂಬಂಧ, ಹೆದರಿದವಳಿಗೆ ಕಂಡದ್ದೆಲ್ಲ ಅಪಶಕುನ. ಎಳೆಯುತ್ತೇನೆ. ಬಂತು. ಅವಳ ಉಸಿರಿನ ಗುಳ್ಳೆ ಕಾಣುತ್ತಾ ನೋಡಪ್ಪ, ಅಂದರೆ ಗಡಿಯಾರ ಕೈ ಅಡ್ಡ ಹಿಡಿದು ನೋಡುತ್ತಾನೆ, ಎಲ್ಲಾ ಕಡೆ ಗುಳ್ಳೆನೇ ಮೇಡಂ, ಹೌದು, ಎಲ್ಲ ಕಡೆಯೂ, ಕೊಳೆಯುವ ಕೆಸರೂ ಗುಳ್ಳೆ ಬಿಡುತ್ತದೆ, ಕಂದು ನೊರೆಯ ನಡುವೆ ಇಲ್ಲೊಂದು ಅಲ್ಲೊಂದು ಒಡೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆ, ಯಾವುದು ಅವಳ ಉಸಿರು, ಯಾವುದು ಕೆಸರಿನದು, ಇಷ್ಟು ವರ್ಷ ನೀರನ್ನೇ ಓದಿದವಳು ನಾನು, ಹೇಳಲಾರೆ. ಬೇಗ ಮುಗಿಸಿ ಬಾ ಕಪ್ಪೆ, ಎಷ್ಟು ಹೊತ್ತು, ನಾಲ್ಕು ಕೊಳವೆ ಕೆಸರು ತಾನೆ. ತಳದಲ್ಲಿ ಕಬ್ಬಿಣದ ಚೌಕಟ್ಟು ಇಳಿಸಿದ್ದೇವೆ, ಕ್ರೇನ್ ತಂದು ಇಳಿಸಿದ ದೊಡ್ಡದು, ಅದರೊಳಗೆ ಕೆಸರಿನ ಮೇಲೆ ಬೋರಲು ಹಾಕಿದ ಡಬ್ಬಿಗಳು, ಕೆಸರು ಎಷ್ಟು ಬೇಗ ಆಮ್ಲಜನಕ ಹೀರುತ್ತದೆ ಅಂತ ಅಳೆಯುವುದಕ್ಕೆ, ಅವುಗಳ ಪಕ್ಕಕ್ಕೆ ತೂರಿ ಪಾರದರ್ಶಕ ಕೊಳವೆಗಳನ್ನು ಕೆಸರಿಗೆ ಒತ್ತಿ, ಪದರ ಪದರವಾಗಿ ಇದ್ದ ಹಾಗೇ, ಕದಡದ ಹಾಗೆ, ಮೇಲೂ ಕೆಳಗೂ ಬಿರಡೆ ಹಾಕಿ ತರಬೇಕು. ಹೋದ ವಾರ ತಂದದ್ದೆಲ್ಲ ಬರೀ ರಾಡಿಯಾಗಿತ್ತು.

ಹಗ್ಗ ಅಲ್ಲಾಡಿ ಅಲ್ಲಾಡಿ ಕೆಸರು ಎಬ್ಬಿಸಿತು, ನಾನೇನ್ ಮಾಡ್ಲಿ, ಅಂದಿದ್ದಳು. ಇಷ್ಟು ದಿನದ ಕೆಲಸ ಮಣ್ಣುಪಾಲು ಅಂತ ನಾನು ಎಲ್ಲರೆದುರು ರೇಗಿದೆ, ಮುಖ ಇಷ್ಟು ಮಾಡಿಕೊಂಡು ಕೊಳವೆ ತೊಳೆಯಲು ಹೋದಳು, ಇವತ್ತು ಬೆಳಗ್ಗೆ ರಬ್ಬರಿನ ಉಡುಪಿಗೆ ಕಾಲು ತೂರಿಸುತ್ತಿದ್ದಾಗಲೂ ಸುಮ್ಮನಿರಲಿಲ್ಲ ನಾನು, ಈ ಸಲ ಒಂದು ಚೂರು ಕೆಸರೂ ಏಳಬಾರದು ನೋಡು, ಅಂದೆ, ಆಯ್ತು ತಾಯಿ, ಏಳಲ್ಲ, ಅಂದಳು. ಏಳಲ್ಲ. ಹೇಗೆ ಏಳದ ಹಾಗೆ ಮಾಡುತ್ತಾಳೆ, ಹಗ್ಗ ಇರುವುದು ಅವಳ ಸೊಂಟಕ್ಕೆ, ಅಲೆಗೆ ದೋಣಿ ಏರಿದಾಗ ಅದೂ ಏರಲೇಬೇಕು — ಎಳೆಯುತ್ತೇನೆ, ಬಂತು, ಒಂದು, ಇಷ್ಟು ಗಟ್ಟಿಯಾಗಿ ಎಳೆಯುತ್ತಾಳಲ್ಲ, ಯಾವತ್ತೂ ಹೀಗೆ ಎಳೆದವಳಲ್ಲ, ಅವಳದು ಚಿವುಟಿದ ಹಾಗೆ, ಬೇಕಾದಷ್ಟು ಕೆಲಸ ಇದೆ ಹೋಗು ಅನ್ನುವ ಹಾಗೆ. ಕೆಂಪು ಪಟ್ಟಿ. ಆಳ ತಿಳಿಯಲು ಹಗ್ಗಕ್ಕೆ ಅಲ್ಲಲ್ಲಿ ಬಣ್ಣದ ಪಟ್ಟಿ ಸುತ್ತಿದ್ದೇವೆ, ಕೆಂಪು ಈಗ ದೋಣಿಯ ಅಂಚಿನ ಮೇಲಿದೆ, ಅಲೆಗೆ ದೋಣಿ ಏರಿದರೆ ಬೆರಳ ನಡುವಿನಿಂದ ಜಾರಿ ಅಂಚಿನಾಚೆ ಒಂದು ಗೇಣು ಇಳಿಯುತ್ತದೆ, ದೋಣಿ ಇಳಿದರೆ ನಾನು ಸಡಿಲ ಎಳೆದುಕೊಳ್ಳುತ್ತೇನೆ, ಮತ್ತೆ ಅಂಚಿಗೆ ಬರುತ್ತದೆ, ಒಂದು ಗೇಣು, ಅಂಚಿಗೆ, ಒಂದು ಗೇಣು, ಎಷ್ಟು ಹೊತ್ತಿನಿಂದ ಇದೇ ಜಾಗದಲ್ಲಿದೆ ಇದು, ಅವಳು ಒಂದು ಕಡೆ ನಿಲ್ಲುವವಳಲ್ಲ, ಅತ್ತ ಹೋದರೆ ಹಗ್ಗ ಓಡಬೇಕು, ಇತ್ತ ಬಂದರೆ ಜೋಲಬೇಕು, ಮನೆಯಲ್ಲಿ ಕೂರು ಅಂದರೂ ಕೂರದವಳು. ಹಸು. ಯಾಕೆ ಈಗ ಹಸು ನೆನಪಾಯಿತು — ಕ್ಯಾಂಟೀನು, ಮುಳುಗುವವರು ಒಂದೇ ಮೇಜಿಗೆ, ಹಸು ಕಟ್ಟಿ ಬಂದ್ಯಾ, ಕಟ್ಟಿದ್ದೆ ಕಣೋ, ಬಿಚ್ಚಿ ಬರೋಷ್ಟರಲ್ಲಿ ಸಾಕಾಯ್ತು, ಎಲ್ಲರೂ ಕಿಸಿಕಿಸಿ, ಏನದು ಹಸು ಅಂತ ನಾನು ಕೇಳಿದಾಗ ಆ ನೆಗಡಿಯ ಹುಡುಗನೇ ಹೇಳಿದ್ದು, ಆಗ ನೆಗಡಿ ಇರಲಿಲ್ಲ, ಚೌಕಟ್ಟಿನ ಒಳಗೆ ಹಗ್ಗ ಕಾಲಿಗೆ ತೊಡರುತ್ತೆ ಮೇಡಂ, ಕೆಸರು ಏಳುತ್ತೆ, ಅದಕ್ಕೆ ಸೊಂಟದಿಂದ ಬಿಚ್ಚಿ ಚೌಕಟ್ಟಿನ ಕಾಲಿಗೆ ಕಟ್ಟಿಬಿಡ್ತೀವಿ, ಮೇಲಿಂದ ಕೇಳಿದಾಗ ಕೈ ಚಾಚಿ ಒಂದು ಎಳೆದರಾಯ್ತು, ಮುಗಿದ ಮೇಲೆ ಬಿಚ್ಕೊಂಡು ಬರೋದು. ನಿಮಗೇನು ತಲೆ ಕೆಟ್ಟಿದೆಯಾ ಅಂದೆ. ನೀನೂ ಕಟ್ತೀಯಾ ಅಂತ ಇವಳ ಕಡೆ ತಿರುಗಿದೆ, ಛೆ, ನನ್ನ ಹಸು ಸಾಧು ಅಕ್ಕ, ಕಟ್ಟದೇ ಇದ್ರೂ ನಿಲ್ಲುತ್ತೆ, ಅಂದು ನನ್ನ ತಟ್ಟೆಯಿಂದಲೇ ಏನೋ ಎತ್ತಿಕೊಂಡು ತಿಂದಳು, ನಾನು ನಂಬಿದೆ, ನಂಬುವುದು ಸುಲಭವಾಗಿತ್ತು.

ಸರಿ, ಕಟ್ಟಿದ್ದಾಳೆ ಅಂದುಕೊ, ಕಟ್ಟಿದರೂ ಪಕ್ಕದಲ್ಲೇ ಇರುತ್ತಾಳೆ, ಕೈಗೆ ಸಿಗುವಷ್ಟರಲ್ಲೇ, ಎಳೆದಾಗ ಎಳೆಯುತ್ತಿದ್ದಾಳಲ್ಲ — ಎಳೆಯುತ್ತಿದ್ದಾಳೆಯೇ. ನಾಲ್ಕು ಎಳೆ. ಒಂದು, ಎರಡು, ಮೂರು, ನಾಲ್ಕು, ಮೇಲೆ ಬಾ, ಕೊಳವೆ ಹಾಳಾಗಿ ಹೋಗಲಿ, ಕೆಸರು ಎದ್ದರೆ ಏಳಲಿ, ಬಾ. ಬಂತು. ಒಂದು. ನಾಲ್ಕಲ್ಲ, ಒಂದು. ತಪ್ಪು ಎಣಿಸಿದಳು, ಕೈತುಂಬ ಕೊಳವೆ ಹಿಡಿದಿದ್ದಾಳೆ, ಇನ್ನೊಮ್ಮೆ, ಒಂದು ಎರಡು ಮೂರು ನಾಲ್ಕು, ಬಂತು, ಒಂದು. ಏನಂತೆ ಮೇಡಂ, ಅಂದ ಗಡಿಯಾರ. ಒಂದೇ ಎಳೀತಾಳೆ, ನಾಲ್ಕು ಕೊಟ್ಟರೂ ಒಂದೇ. ಅವನು ಐದು ನಿಮಿಷ ನೋಡೋಣ ಅನ್ನಲಿಲ್ಲ, ಬೀಡಿ ನೀರಿಗೆಸೆದು ಎದ್ದು ಬಂದ. ಎಳೆದು ಮೇಲೆ ತಂದುಬಿಡೋಣ್ವಾ, ಅಂದ, ಬೇಡ, ಸೊಂಟದಲ್ಲೇ ಹಗ್ಗ ಇದ್ದು, ಅವಳು ಸುಮ್ಮನೆ ಕೆಲಸದಲ್ಲಿದ್ದು, ನಾವು ಸರ್ರನೆ ಎಳೆದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ, ನನ್ನ ಕೈಯಾರೆ ಕೊಂದ ಹಾಗೆ, ಎಳೆಯದಿದ್ದರೆ, ಅವಳು ಹಗ್ಗ ಬಿಟ್ಟು ಎರಡು ಮಾರು ಸರಿದು ತಿರುಗಿ ಚೌಕಟ್ಟು ಸಿಗದೆ ಕೆಸರಿನಲ್ಲಿ ಕೈ ಆಡಿಸುತ್ತಿದ್ದರೆ, ಮುಟ್ಟಿ ಮುಟ್ಟಿ ಕೆಲಸ ಮಾಡ್ತೀನಿ ಅಕ್ಕ, ಮುಟ್ಟಲು ಏನೂ ಸಿಗದಿದ್ದರೆ, ಚೌಕಟ್ಟಿನ ಯಾವುದಕ್ಕೋ ಸಿಲಿಂಡರ್ ಸಿಕ್ಕಿಕೊಂಡಿದ್ದರೆ, ಗಾಳಿ ಇನ್ನೂ ಇರಬೇಕು, ಅವಳು ನಿಧಾನವಾಗಿ ಉಸಿರಾಡುವವಳು, ಎಲ್ಲರಿಗಿಂತ ಅವಳ ಸಿಲಿಂಡರ್ ಜಾಸ್ತಿ ಬಾಳುತ್ತದೆ, ಹೆದರಿದರೆ ಮಾತ್ರ ಬೇಗ ಮುಗಿಯುತ್ತದೆ, ಹೆದರಬೇಡ ಕಪ್ಪೆ, ನೀನು ಹೆದರುವವಳಲ್ಲ, ಹೆದರುವುದೆಲ್ಲ ನನ್ನ ಪಾಲಿಗೆ ಬಿಟ್ಟು ಹುಟ್ಟಿದವಳು ನೀನು. ಒಂದು ಕೆಲಸ ಮಾಡು, ಎಳೆಯಬೇಡ. ಕೇಳಬೇಡ. ಕೈ ಹಾಗೇ ಇಟ್ಟುಕೊ, ಮನುಷ್ಯಳಾದರೆ ಕೇಳದೆ ಉತ್ತರ ಕೊಡುವುದಿಲ್ಲ, ಸುಮ್ಮನಿರುತ್ತಾಳೆ, ಸುಮ್ಮನಿರು ಕಪ್ಪೆ, ದಯವಿಟ್ಟು ಏನೂ ಹೇಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಅಲೆ ಬಂತು, ದೋಣಿ ಏರಿತು, ಹಗ್ಗ ಒಂದು ಸಲ ಎಳೆಯಿತು. ನಾನು ಕೇಳಿರಲಿಲ್ಲ.

ಎಳೀ, ಎಳಿಯಪ್ಪ, ಅಂದೆ, ಗಡಿಯಾರ ನನ್ನ ಹಿಂದೆ ನಿಂತು ಹಗ್ಗಕ್ಕೆ ಕೈ ಹಾಕಿದ, ಇಬ್ಬರೂ ಅಂಚಿಗೆ ಕಾಲು ಕೊಟ್ಟು ಜಗ್ಗಿದೆವು, ಮನುಷ್ಯರು ಬರುತ್ತಾರೆ, ನೀರಿನಲ್ಲಿ ಮನುಷ್ಯರಿಗೆ ಭಾರವೇ ಇಲ್ಲ, ಮಗುವಿನ ಹಾಗೆ ಬಂದುಬಿಡುತ್ತಾರೆ, ಬರಲಿಲ್ಲ, ದೋಣಿಯೇ ಆ ಕಡೆಗೆ ವಾಲಿತು, ಅಂಚು ನೊರೆಯವರೆಗೆ ಬಗ್ಗಿತು, ನೀರು ಒಳಗೆ ಬಂತು, ಬಿಡಿ ಮೇಡಂ ಬಿಡಿ, ಮಗುಚುತ್ತೆ, ಕಬ್ಬಿಣಕ್ಕೆ ಕಟ್ಟಿದೆ ಇದು. ಕಟ್ಟಿದ್ದಾಳೆ. ಮೊದಲನೇ ಸಲ ಎಳೆದಾಗ ಬಂದದ್ದು ಅವಳೇ, ಹೌದು, ಅದು ಚಿವುಟಿದ ಹಾಗಿತ್ತು, ಎರಡನೆಯದೋ, ಎರಡನೆಯದೂ ಅವಳೇ ಇರಬೇಕು, ಆಮೇಲಿನದು, ಆಮೇಲಿನದರಲ್ಲಿ ಯಾವುದರವರೆಗೆ ಅವಳು, ಯಾವುದರಿಂದ ಅಲೆ, ಯಾವಾಗಿನಿಂದ ನಾನು ಕಬ್ಬಿಣವನ್ನು ಸರಿ ಇದ್ದೀಯಾ ಅಂತ ಕೇಳುತ್ತ ಕೂತಿದ್ದೇನೆ. ಗಡಿಯಾರ ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದಾನೆ, ಒಬ್ಬರು ನೀರಲ್ಲಿದ್ದಾರೆ, ಹಗ್ಗ ಬಿಟ್ಟಿದ್ದಾರೆ, ಯಾರನ್ನಾದ್ರೂ ಕಳಿಸಿ, ಅತ್ತಲಿಂದ ಯಾರೋ ಐದು ನಿಮಿಷ ಅಂದರು, ಕೇಳಿಸಿತು, ನನ್ನ ಒಳ್ಳೆಯ ಕಿವಿಗೆ. ಸುತ್ತ ನೋಡು, ತಾನೇ ಮೇಲೆ ಬಂದಿರಬಹುದು, ಎಲ್ಲೋ ದೂರದಲ್ಲಿ ತಲೆ ಎತ್ತಿ ನಗುತ್ತಿರಬಹುದು, ನೊರೆ, ನೊರೆ, ಗುಳ್ಳೆ, ಬರೀ ನೊರೆ. ದೋಣಿಯಲ್ಲಿ ಉಳಿದಿದ್ದ ಇನ್ನೊಂದು ಸಿಲಿಂಡರ್ ಎಳೆದು ಬೆನ್ನಿಗೆ ಹಾಕಿಕೊಂಡಿದ್ದೇನೆ, ಯಾವಾಗ ಹಾಕಿಕೊಂಡೆ, ಕಿವಿ ಹೋದರೆ ಹೋಗಲಿ, ಮೇಲೆ ಕೆಳಗೆ ತಿಳಿಯದಿದ್ದರೆ ಬೇಡ, ಹಗ್ಗ ಹಿಡಿದು ಇಳಿಯುತ್ತೇನೆ, ಹಗ್ಗ ನೇರ ಅವಳಿದ್ದಲ್ಲಿಗೆ — ಅವಳಿದ್ದಲ್ಲಿಗಲ್ಲ, ಹಗ್ಗ ಚೌಕಟ್ಟಿಗೆ ಹೋಗುತ್ತದೆ, ಅಲ್ಲಿಂದಾಚೆ ಎತ್ತ, ಬೆಲ್ಟಿನ ಕೊಂಡಿ ಕೂರುತ್ತಿಲ್ಲ, ಹಗ್ಗ ಗಡಿಯಾರನ ಮುಷ್ಟಿಯಲ್ಲಿದೆ, ಅವನು ಎಳೆಯುತ್ತಿಲ್ಲ, ಯಾರೂ ಎಳೆಯುತ್ತಿಲ್ಲ, ಕೊಂಡಿ, ಕೊಂಡಿ ನೋಡು, ಅದನ್ನು ನೋಡಬೇಡ, ಕೆಂಪು ಪಟ್ಟಿ ಅಂಚಿನಾಚೆ ಒಂದು ಗೇಣು ಇಳಿಯಿತು, ಸರಿ ಇದ್ದೀನಿ, ಅಂಚಿಗೆ ಬಂತು, ಇಳಿಯಿತು, ಸರಿ ಇದ್ದೀನಿ ಅಕ್ಕ, ಅಂಚಿಗೆ ಬಂತು, ಇಳಿಯಿತು, ಸರಿ ಇದ್ದೀನಿ, ಕೆಂಪು ಪಟ್ಟಿ, ಒಂದು ಗೇಣು, ಕೆಂಪು ಪಟ್ಟಿ, ಸರಿ ಇದ್ದೀನಿ, ಕೆಂಪು ಪಟ್ಟಿ