ಐದು ಕಾಲಿನ ಕುದುರೆ

"ಎಲ್ಲಾ ತಗದು ಬಿಡು ಸಪ್ನಾ. ಒಂದು ಪುಟಾನೂ ಉಳೀಬಾರದು."

ಭಾಗೀರಥಿಬಾಯಿ ಹೀಗೆಂದಾಗ ಸಪ್ನಾ ಇನ್ನೂ ಅಂಗಡಿಯ ಶಟರ್ ಪೂರ್ತಿ ಎತ್ತಿರಲಿಲ್ಲ. ಅರ್ಧ ತೆರೆದ ಬಾಗಿಲಲ್ಲೇ ಬಾಗಿ ಒಳಗೆ ಬಂದ ಭಾಗೀರಥಿಬಾಯಿ ಕೊಡೆಯನ್ನು ಮೂಲೆಗೆ ಒರಗಿಸಿ, ಕೂರದೆ ನಿಂತೇ ಇದ್ದರು. ರಾತ್ರಿ ನಿದ್ದೆ ಬಂದಿಲ್ಲವೆಂಬುದನ್ನು ಕಣ್ಣುಗಳೇ ಹೇಳುತ್ತಿದ್ದವು.

ಸವದತ್ತಿಯ ಬಜಾರಿನಲ್ಲಿದ್ದ ಆ ಇಂಟರ್‌ನೆಟ್ ಅಂಗಡಿಗೆ ಅವರು ಮೊದಲು ಬಂದದ್ದು ನಾಲ್ಕು ವರ್ಷದ ಕೆಳಗೆ, ಗಂಡ ತ್ರ್ಯಂಬಕರಾಯರ ಪೆನ್ಷನ್ ಅರ್ಜಿ ಟೈಪ್ ಮಾಡಿಸಲು. ಪಕ್ಕದ ಕಂಪ್ಯೂಟರಿನಲ್ಲಿ ಕಾಲೇಜಿನವರಾರೋ ಯಾವುದೋ ದೇಶದ ಚಿತ್ರಕಥೆ ನೋಡುತ್ತಿದ್ದರು. "ಇದನ್ನ ಯಾರು ಬೇಕಾದ್ರೂ ಹಾಕಬಹುದೇನ?" ಎಂದು ಭಾಗೀರಥಿಬಾಯಿ ಕೇಳಿದ್ದರು. ಸಪ್ನಾ ತಮಾಷೆಗೆಂಬಂತೆ ಹೌದೆಂದಿದ್ದಳು. ಮುಂದಿನ ಗುರುವಾರ ಅವರು ಮಸಿಯಲ್ಲಿ ಚಿತ್ರ ಬರೆದ ಒಂದು ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದೇಬಿಟ್ಟರು. ಅಲ್ಲಿಂದ ಪ್ರತಿ ಗುರುವಾರ ಊಟದ ಪಾತ್ರೆ ತೊಳೆದಿಟ್ಟು ಬರುವರು. ಸಪ್ನಾ ಹಾಳೆಯನ್ನು ಸ್ಕ್ಯಾನ್ ಮಾಡಿ, ಮಾತುಗಳನ್ನು ಟೈಪ್ ಮಾಡಿ ಬ್ಲಾಗಿಗೆ ಹಾಕುವಳು. ಐವತ್ಮೂರನೆಯ ವಯಸ್ಸಿನಲ್ಲಿ ಶುರುವಾದ ಆ ಕಥೆ ಹೋದ ತಿಂಗಳಷ್ಟೇ ಮುಗಿದಿತ್ತು.

"ಏನಾತ್ರಿ ಕಾಕು?"

ಭಾಗೀರಥಿಬಾಯಿ ಮೊದಲು ಹೇಳಲೊಲ್ಲರು. ಆಮೇಲೆ ಹೇಳಿದರು. ನಿನ್ನೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೆಳಗಾವಿಯಿಂದ ಬಂದ ತಂಗಿಯ ಮಗ ಅನಿಕೇತ ಬ್ಲಾಗಿನ ಮೊದಲ ಪುಟಗಳನ್ನು ಪ್ರಿಂಟ್ ತೆಗೆದು ತಂದು, ಊಟದ ಪಂಕ್ತಿಯಲ್ಲಿ ಕೈಯಿಂದ ಕೈಗೆ ದಾಟಿಸಿದ್ದ. 'ಮಾವಶೀ, ಈ ಕುದರಿಗೆ ಐದು ಕಾಲು ಯಾಕ?' ಎಂದಿದ್ದ. ಇಡೀ ಪಂಕ್ತಿ ನಕ್ಕಿತು. ತ್ರ್ಯಂಬಕರಾಯರಿಗಂತೂ ನಕ್ಕು ನಕ್ಕು ಅನ್ನ ನೆತ್ತಿಗೇರಿತು. ಭಾಗೀರಥಿಬಾಯಿ ತಾವೂ ನಗುತ್ತಲೇ ಎಲ್ಲರಿಗೂ ಹೋಳಿಗೆಯ ಮೇಲೆ ತುಪ್ಪ ಬಡಿಸಿದ್ದರು.

"ಅವರು ನಕ್ಕದ್ದು ಸುಳ್ಳಲ್ಲ. ಎಣಿಸಿ ನೋಡಿದೆ. ಐದು ಅವ," ಎಂದರು.

"ಅಳಸೂದು ಭಾಳ ಹೊತ್ತಿನ ಕೆಲಸಲ್ರಿ. ಅದಕ್ಕೂ ಮೊದ್ಲ ಒಮ್ಮಿ ಮೊದಲಿಂದ ಓದೂಣು. ನೀವು ಬರದ್ರಿ, ಆದ್ರ ಒಮ್ಮಿನೂ ಹೊಳ್ಳಿ ಓದಿಲ್ರಿ."

"ಓದೂ ಹಂಗ ಏನದ ಅದರಾಗ?"

"ನನ್ನ ಸಲುವಾಗಿ ಓದ್ರಿ. ನಾಲ್ಕು ವರ್ಷ ನಾನೂ ಟೈಪ್ ಮಾಡೇನಿ."

ಭಾಗೀರಥಿಬಾಯಿ ಕುರ್ಚಿ ಎಳೆದುಕೊಂಡರು.

ಕಥೆ ಸರಳವಾಗಿಯೇ ಶುರುವಾಗಿತ್ತು. ಒಬ್ಬ ಮಾಟಗಾರ ದೊರೆ ಜನರ ನೆರಳುಗಳನ್ನು ಕದಿಯುತ್ತಾನೆ. ನೆರಳು ಕಳೆದುಕೊಂಡವರು ಬಿಸಿಲಿಗೆ ಬಂದರೆ ಕರಗಿ ಹೋಗುತ್ತಾರೆ. ಹಾಗಾಗಿ ಊರೂರುಗಳೇ ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂತಿವೆ. ಚಿಗರಿ ಎಂಬ ಹುಡುಗಿ ತನ್ನ ತಾಯಿಯ ನೆರಳು ಹುಡುಕಿಕೊಂಡು ಹೊರಡುತ್ತಾಳೆ.

ಹೊರಟ ಮೇಲೆ ಮಾತ್ರ ಕಥೆ ಎತ್ತೆತ್ತಲೋ ಹೋಗಿತ್ತು. ಚಿಗರಿಯ ಹೆರಳು ಒಂದು ಪುಟದಲ್ಲಿ ಎಡಕ್ಕಿದ್ದರೆ ಮರುಪುಟದಲ್ಲಿ ಬಲಕ್ಕೆ. ಗಾಣದ ಮುದುಕನೊಬ್ಬ ಆ ಐದು ಕಾಲಿನ ಕುದುರೆಯೇರಿ ಬಂದು, ತನ್ನ ದುಃಖ ಹೇಳಿಕೊಂಡು, ಸುಮ್ಮನೆ ಹೊರಟು ಹೋಗುತ್ತಾನೆ. ಅವಳಿ ರಾಜಕುಮಾರರು ಇಡೀ ಮಳೆಗಾಲ ಜಗಳಾಡಿ ಮಾಯವಾಗುತ್ತಾರೆ. ಭಾಗೀರಥಿಬಾಯಿ ಒಂದೊಂದು ಪುಟಕ್ಕೂ ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಂಡರು. ಸಪ್ನಾಳೂ ಸುಳ್ಳು ಹೊಗಳಲಿಲ್ಲ. "ಇದು ಬ್ಯಾಸರ ಐತ್ರಿ," ಎನ್ನುವಳು. ಆದರೂ ಮುಂದಿನ ಪುಟ ತೆರೆಯುವಳು.

ಅಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರಿನಿಂದ ಕಂಪ್ಯೂಟರ್ ನಡೆಯುತ್ತಿತ್ತು, ಝೆರಾಕ್ಸ್ ಯಂತ್ರ ನಡೆಯುವಂತಿರಲಿಲ್ಲ. ಅದೇ ಹೊತ್ತಿಗೆ ಮಾಯವ್ವ ರೇಷನ್ ಕಾರ್ಡಿನ ಝೆರಾಕ್ಸಿಗೆಂದು ಬಂದಳು. ಉಗರಗೋಳದವಳು, ದೇವಿಯ ಗುಡ್ಡದ ದಾರಿಯಲ್ಲಿ ಭಂಡಾರದ ಅರಿಶಿನ, ಬಳೆ ಮಾರುವವಳು. ಕರೆಂಟು ಬರೂತನಕ ಕುಂದರ್ತೇನಿ ಎಂದು ಬಾಗಿಲಿನ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಓದಲು ಬಾರದ ಅವಳು ಚಿತ್ರಗಳನ್ನೇ ನೋಡುತ್ತಿದ್ದುದನ್ನು ಕಂಡು ಸಪ್ನಾ ಗಟ್ಟಿಯಾಗಿ ಓದತೊಡಗಿದಳು.

ಸ್ವಲ್ಪ ಹೊತ್ತಿಗೆ ಮಾಯವ್ವ ಸ್ಟೂಲನ್ನು ಮುಂದಕ್ಕೆ ಸರಿಸಿಕೊಂಡಳು. "ಅಲ್ಲಬೇ, ಆ ಹುಡುಗಿ ಸಂಗಾಟ ಒಂದು ಗಿಳಿ ಇತ್ತಲ್ಲ, ಎಲ್ಲಿ ಹೋತದು?"

ಸಪ್ನಾ ಭಾಗೀರಥಿಬಾಯಿಯತ್ತ ನೋಡಿದಳು.

"ಮರತಬಿಟ್ಟೆ," ಎಂದರು ಭಾಗೀರಥಿಬಾಯಿ.

ಮಾಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನೆಯ ಪಂಕ್ತಿಯ ನಗೆಯಂತಿರಲಿಲ್ಲ ಅದು. "ಆಗಲಿ, ಹಾರಿ ಹೋಗಿರಬೇಕ ತಗೋರಿ. ಮುಂದ ಹೇಳ ತಂಗಿ."

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ತ್ರ್ಯಂಬಕರಾಯರು ಟೋಪಿ ಸರಿಪಡಿಸಿಕೊಳ್ಳುತ್ತ ಮೆಟ್ಟಿಲೇರಿ ಬಂದರು. "ಊಟದ ಹೊತ್ತು ಮೀರೇದ. ಇಲ್ಲೇನು ನಡಸೀ?" ಎಂದರು. ಸಪ್ನಾ ಓದುತ್ತಲೇ ಇದ್ದಳು. ಚಿಗರಿ ಆಗತಾನೆ ದೊರೆಯ ಗವಿಯೊಳಗೆ ಕಾಲಿಟ್ಟಿದ್ದಳು.

ಗವಿಯ ತುಂಬ ನೆರಳುಗಳು ಒಣಹಾಕಿದ ಬಟ್ಟೆಗಳಂತೆ ಜೋತುಬಿದ್ದಿವೆ. ಕತ್ತಲೆಯಲ್ಲಿ ಎಲ್ಲವೂ ಒಂದೇ ಥರ. ಹೆಸರು ಹಿಡಿದು ಕರೆದರೆ ಮಾತ್ರ ಇಳಿದು ಬರುತ್ತವೆಂದು ಕಾವಲುಗಾರ ಹೇಳಿ ನಗುತ್ತಾನೆ, ಇಷ್ಟು ಜನರ ಹೆಸರು ಯಾರಿಗೆ ಗೊತ್ತಿರಲು ಸಾಧ್ಯವೆಂದು. ಚಿಗರಿ ಕರೆಯತೊಡಗುತ್ತಾಳೆ. ಗಾಣದ ಮುದುಕನನ್ನು ಕರೆಯುತ್ತಾಳೆ. ಜಗಳಗಂಟ ಅವಳಿಗಳನ್ನು ಕರೆಯುತ್ತಾಳೆ. ದಾರಿಯಲ್ಲಿ ನೀರು ಕೊಟ್ಟವಳನ್ನು, ಕೊಡದೆ ಬೈದವಳನ್ನು, ಎರಡೇ ಚಿತ್ರಗಳಲ್ಲಿ ಬಂದು ಹೋದ ಅಂಬಿಗನನ್ನು. ಒಬ್ಬೊಬ್ಬರ ನೆರಳೂ ಕೆಳಗಿಳಿದು ಅವಳ ಹಿಂದೆ ನಿಲ್ಲುತ್ತದೆ.

"ಇವರೆಲ್ಲಾ ಇಲ್ಲಿ ಹೆಂಗ ಬಂದ್ರು?" ಭಾಗೀರಥಿಬಾಯಿಯ ದನಿ ಸಣ್ಣದಾಯಿತು.

"ನೀವ ಕರಕೊಂಡ ಬಂದೀರಿ. ಮೊದಲಿನ ಪುಟ ತಗದ್ರ ಇಲ್ಲಿ ಈಕಿ ಯಾರನ್ನ ಕರೀಬೇಕು?"

ಕೊನೆಗೆ ತಾಯಿಯ ಸರದಿ. ಚಿಗರಿ ಬಾಯಿ ತೆರೆದು ಹಾಗೇ ನಿಲ್ಲುತ್ತಾಳೆ. ತಾಯಿಯ ಹೆಸರನ್ನು ಅವಳು ಎಂದೂ ಕೇಳಿಯೇ ಇಲ್ಲ. ಒಂದಿಡೀ ಪುಟದಲ್ಲಿ ಅವಳ ಮುಖವಷ್ಟೇ ಇದೆ. ಮರುಪುಟದಲ್ಲಿ ಒಂದೇ ಮಾತು.

"ಅವ್ವಾ," ಎಂದು ಸಪ್ನಾ ಓದಿದಳು.

ಮುಂದಿನ ಪುಟದಲ್ಲಿ ಗವಿಯ ಅಷ್ಟೂ ತಾಯಂದಿರ ನೆರಳುಗಳು ಒಟ್ಟಿಗೇ ಇಳಿದು ಬರುತ್ತವೆ. ಗವಿಯ ಬಾಯಿ ಒಡೆಯುತ್ತದೆ. ಕೊನೆಯ ಪುಟಕ್ಕೆ ಮಾತಿಲ್ಲ. ಮಟಮಟ ಮಧ್ಯಾಹ್ನ, ಅಂಗಳದ ನಡುವೆ ಒಬ್ಬ ಹೆಂಗಸು, ಕಣ್ಣಿಗೆ ಕೈ ಮರೆಮಾಡಿ ನಿಂತಿದ್ದಾಳೆ. ಅವಳ ಪಾದದ ಬಳಿ ಅಂಗೈಯಗಲದ ನೆರಳು.

ಮಾಯವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆಕಿ ಅವ್ವಾ ಅಂದ್ಲಲ್ಲ," ಎಂದಳು. "ನಾ 'ಓ' ಅನ್ನಾಕಿ ಇದ್ದೆ ನೋಡ್ರಿ."

ಭಾಗೀರಥಿಬಾಯಿ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದರು. ಆ ಅಂಗಳವನ್ನು ಬರೆದ ದಿನ ಮನೆಗೆ ನೆಂಟರು ಬಂದಿದ್ದರು. ಅಡುಗೆಯ ನಡುನಡುವೆ ಎದ್ದು ಹೋಗಿ ಬರೆದದ್ದು. ಮಸಿ ಒಣಗುವ ಮೊದಲೇ ಇಲ್ಲಿಗೆ ಓಡಿ ಬಂದಿದ್ದರಿಂದ ಅದನ್ನು ಅವರು ಸರಿಯಾಗಿ ನೋಡಿರಲೇ ಇಲ್ಲ. ಈಗ ನೋಡಿದರು. ಇದು ಚೆನ್ನಾಗಿದೆ. ಯಾರೂ ಹೇಳಬೇಕಾಗಿಲ್ಲ, ಚೆನ್ನಾಗಿದೆ. ಎದೆಯೊಳಗೆ ಏನೋ ಎದ್ದು ನಿಂತಂತಾಗಿ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಇದನ್ನ ನೀ ಬರದೀ?" ಹಿಂದಿನಿಂದ ತ್ರ್ಯಂಬಕರಾಯರ ದನಿ. ಅವರ ಟೋಪಿ ಕೈಗೆ ಬಂದಿತ್ತು.

"ಹೌದು. ನಾನ ಬರದೇನಿ."

ಅನಿಕೇತ ತೋರಿಸಿದ್ದ ನಾಲ್ಕು ಹಾಳೆಗಳ ಆಚೆ ರಾಯರು ಒಂದನ್ನೂ ಕಂಡವರಲ್ಲ. ಸಪ್ನಾಳ ಕಡೆ ತಿರುಗಿ, "ಮೊದಲಿನಿಂದ ತೋರಸವಾ," ಎಂದರು.

ಸಪ್ನಾ ಮೊದಲ ಪುಟಕ್ಕೆ ಹೋದಳು. "ಕಾಕು, ಹೆಂಗೂ ಕುಂತೇನಿ. ಕುದರೀದು ಆ ಒಂದು ಕಾಲು ಒರಸಿ ಬಿಡ್ಲೇನ್ರಿ?"

"ಬ್ಯಾಡ," ಭಾಗೀರಥಿಬಾಯಿ ಎದ್ದು ನಿಂತರು. "ಇದ್ದ ಕಾಲಿನ ಮ್ಯಾಲೆ ಅಷ್ಟು ದೂರ ಬಂದದ. ಇರಲಿ ಬಿಡು."

ಕರೆಂಟು ಬಂತು. ಮಾಯವ್ವ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು, ಇನ್ನೊಮ್ಮೆ ಕೇಳುವವಳಂತೆ ಸ್ಟೂಲನ್ನು ರಾಯರ ಪಕ್ಕಕ್ಕೆ ಸರಿಸಿದಳು.

"ಊಟ?" ಎಂದರು ರಾಯರು, ಪರದೆಯಿಂದ ಕಣ್ಣು ತೆಗೆಯದೆ.

"ಅಡಗಿ ಮಾಡಿಟ್ಟೇನಿ. ಓದಿ ಮುಗಿಸಿ ಹೋಗ್ರಿ, ಬಡಿಸಿಕೊಳ್ರಿ."

ಭಾಗೀರಥಿಬಾಯಿ ಬಜಾರಿಗೆ ಇಳಿದರು. ಹೊಟ್ಟೆ ಹಸಿದಿತ್ತು, ಬಹಳ ದಿನಗಳ ಮೇಲೆ ಹಸಿದಂತೆ. ಬಸ್‌ಸ್ಟ್ಯಾಂಡಿನ ರಸ್ತೆಯ ತಗಡಿನ ಹೋಟೆಲಿನ ಮುಂದೆ ಎಣ್ಣೆ ಕುದಿಯುತ್ತಿತ್ತು, ಪಕ್ಕದಲ್ಲಿ ಗಿರಮಿಟ್‌ಗೆ ಚುರುಮುರಿ ಕಲಸುತ್ತಿದ್ದರು. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಅದರ ಮುಂದೆ ಓಡಾಡಿದವರು, ಎಂದೂ ಒಳಗೆ ಹೋದವರಲ್ಲ. ಇಂದು ಹೋದರು. ರಸ್ತೆಗೆ ಮುಖಮಾಡಿದ ಬೆಂಚಿನ ಮೇಲೆ ಒಬ್ಬರೇ ಕುಳಿತು, "ಒಂದು ಗಿರಮಿಟ್, ಎರಡು ಮಿರ್ಚಿ ಕೊಡ್ರಿ. ಉಳ್ಳಾಗಡ್ಡಿ ಇರಲಿ," ಎಂದರು, ಮನೆಯಲ್ಲಿ ಈರುಳ್ಳಿ ಮುಟ್ಟದವರು.

ಮಿರ್ಚಿ ಬಾಯಿ ಸುಟ್ಟಿತು. ನೀರು ಮುಟ್ಟದೆ ಎರಡನೆಯದನ್ನು ಮುರಿದರು. ಹಬೆ ಮೇಲೆದ್ದು ಕನ್ನಡಕದ ಗಾಜು ಮಸುಕಾಯಿತು. ಒರೆಸಿಕೊಳ್ಳದೆ ಹಾಗೆಯೇ ತಿನ್ನುತ್ತ ಕುಳಿತರು.