ಅಮ್ಮನ ಎಕ್ಸ್‌ರೇ, ಮಗನ ಕಣ್ಣು

ವಾಕರ್‌ಗೆ ಕರು ಕಟ್ಟುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ತಾಯಲೂರಿನ ಪಕ್ಕದ ಊರು ನಮ್ಮದು. ಎದುರು ಮನೆಯ ಮುನಿಶಾಮಣ್ಣನೇ ಆ ಮಹಾನುಭಾವ.

ವಾಕರ್ ಅವನ ತಾಯಿ ಆದಿಲಕ್ಷ್ಮಮ್ಮನದು. ಹೋದ ವರ್ಷ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೋಲಾರದಲ್ಲಿ ಆಪರೇಷನ್ ಆಯಿತು. ಆಮೇಲೆ ಈ ನಾಲ್ಕು ಕಾಲಿನ ಅಲ್ಯೂಮಿನಿಯಂ ವಾಕರ್ ಹಿಡಿದು ಮತ್ತೆ ನಡೆಯುವುದನ್ನು ಕಲಿತರು. "ಗಂಗಾಲಕ್ಷ್ಮಿ, ಯಾರನ್ನೂ ಕರೀದೆ ನನ್ ಪಾಡಿಗೆ ನಾನು ಬಚ್ಚಲಿಗೆ ಹೋಗಿ ಬರ್ತೀನಲ್ಲ, ಅದೇ ನಂಗೆ ಸ್ವಾತಂತ್ರ್ಯ ಕಣೇ" ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ.

ಒಂದು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಕರುವಿನ ಗೂಟ ಕಿತ್ತು ಬಂತು. ಡೇರಿಗೆ ಹೊತ್ತಾಗುತ್ತಿತ್ತು. ಜಗಲಿ ಮೇಲೆ ವಾಕರ್ ನಿಂತಿತ್ತು. "ಒಂದೇ ನಿಮಿಷ" ಅಂದುಕೊಂಡು ಮುನಿಶಾಮಣ್ಣ ಹಗ್ಗವನ್ನು ಅದಕ್ಕೇ ಬಿಗಿದ. ಕರು ಸುಮ್ಮನಿರುತ್ತದೆಯೇ? ತಾಯಿಯ ಕೆಚ್ಚಲು ಕಂಡದ್ದೇ ತಡ, ವಾಕರ್ ಸಮೇತ ಜಗಲಿಯಿಂದ ಹಾರಿತು. ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ವಾಕರ್‌ನ ಒಂದು ಕಾಲು ಅರ್ಧ ಬಿರುಕು ಬಿಟ್ಟು ಜೋತಾಡುವುದನ್ನು ನೋಡಿದ ಮೇಲೆ ಯಾರೂ ನಗಲಿಲ್ಲ.

ಅಂದಿನಿಂದ ಆದಿಲಕ್ಷ್ಮಮ್ಮ ಮಂಚ ಹಿಡಿದರು. ಬಚ್ಚಲಿಗೆ ಹೋಗಬೇಕೆಂದರೆ ಸೊಸೆ ಚಂದನಳನ್ನು ಕೂಗಬೇಕು. ಪಾಪ, ಆಕೆ ಹಸುವಿನ ಹತ್ತಿರ ಇದ್ದರೆ ಕಾಯಬೇಕು. ಕೂಗಲು ನಾಚಿಕೊಂಡು ಆ ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟರು.

"ಹೊಸದೊಂದು ತಂದ್ಬಿಡಿ" ಎಂದಳು ಚಂದನ.

"ಮುರಿದೋನು ನಾನು, ಸರಿ ಮಾಡೋನೂ ನಾನೇ" ಎಂದ ಮುನಿಶಾಮಣ್ಣ. ಹಟ ಅಂದರೆ ಅವನದೇ.

ತಾಯಲೂರಿನ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದ. ಅವರು ಗೇಟು, ಕಿಟಕಿ ಮಾಡುವವರು. "ಇದು ಅಲ್ಯೂಮಿನಿಯಂ ಅಣ್ಣ, ನಮ್ ಕೈಲಿ ಆಗಲ್ಲ" ಎಂದು ವಾಪಸು ಕಳಿಸಿದರು. ಮುನಿಶಾಮಣ್ಣನ ಬಳಿ ಒಂದು ಪುಟ್ಟ ವೆಲ್ಡಿಂಗ್ ಮಷೀನ್ ಇತ್ತು. ಕೊಟ್ಟಿಗೆಯ ಕಬ್ಬಿಣದ ಗೇಟು ಸರಿ ಮಾಡಲು ತರಿಸಿದ್ದು. ಫೋನಿನಲ್ಲಿ ವಿಡಿಯೋ ನೋಡಿದ, ಅಲ್ಯೂಮಿನಿಯಂ ರಾಡು ತರಿಸಿದ, ಅಂಗಳದಲ್ಲಿ ಕೂತೇಬಿಟ್ಟ.

"ಮುನಿಶಾಮಣ್ಣ, ಕಣ್ಣಿಗೇನೂ ಬೇಡ್ವಾ?" ಎಂದು ಕೇಳಿದೆ.

"ಐತಲ್ಲ!" ಎಂದು ಒಳಗೆ ಹೋಗಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ತಾಯಿಯ ಸೊಂಟದ ಎಕ್ಸ್‌ರೇ ತಂದ. ಕತ್ತರಿಯಲ್ಲಿ ಕತ್ತರಿಸಿ ಟೋಪಿಗೆ ಸಿಕ್ಕಿಸಿಕೊಂಡ. "ಗ್ರಹಣದಲ್ಲಿ ಇದನ್ನೇ ಹಿಡ್ಕೊಂಡು ಸೂರ್ಯನ್ನೇ ನೋಡಿದ್ದೀವಿ. ಈ ಕಿಡಿ ಯಾವ ಲೆಕ್ಕ?"

ನಮ್ಮ ಕಡೆ ಗ್ರಹಣ ಬಂದರೆ ಮನೆಮನೆಯಲ್ಲೂ ಎಕ್ಸ್‌ರೇ ಹಾಳೆ ಹುಡುಕುತ್ತಾರೆ. ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ಆದಿಲಕ್ಷ್ಮಮ್ಮ ಮಾತ್ರ ಮಂಚದಿಂದಲೇ ಕೂಗಿದರು: "ಒರೇಯ್, ನನ್ ಮೂಳೆ ಮುಖಕ್ಕೆ ಕಟ್ಕೊಂಡು ಎಲ್ಲಿಗೋ ಹೊರಟೆ?"

ಮಧ್ಯಾಹ್ನವೆಲ್ಲ ಚಟಪಟ. ಬಿರುಕು ಮುಚ್ಚಲಿಲ್ಲ. ಚೆನ್ನಾಗೇ ಇದ್ದ ಪೈಪು ಇದ್ದಕ್ಕಿದ್ದಂತೆ ಕರಗಿ ಹೆಬ್ಬೆರಳು ತೂರುವಷ್ಟು ತೂತಾಯಿತು.

ಸಂಜೆಗೆ ಶುರುವಾಯಿತು ನೋಡಿ ಅವನ ಗೋಳು. "ಅಯ್ಯಯ್ಯೋ, ಕಣ್ಣಿಗೆ ಮೆಣಸಿನಪುಡಿ ಎರಚಿದಂಗೆ ಐತೆ, ಬಿಡೋಕಾಗ್ತಿಲ್ಲ!" ಕಣ್ಣೀರು ಧಾರಾಕಾರ. ಆದಿಲಕ್ಷ್ಮಮ್ಮ ಹರಳೆಣ್ಣೆ ಬಿಡು ಎಂದರು. ಪಕ್ಕದವರು ಆಲೂಗೆಡ್ಡೆ ಬಿಲ್ಲೆ ಇಡು ಎಂದರು. ಚಂದನ ಯಾರ ಮಾತನ್ನೂ ಕೇಳದೆ ತಂಗಿ ರಜನಿಗೆ ಫೋನ್ ಮಾಡಿದಳು.

ರಜನಿ ಐ.ಟಿ.ಐ. ಓದಿದವಳು. ಮುಳಬಾಗಿಲಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ಕೆಲಸ ಅವಳಿಗೆ. ಫೋನಿನಲ್ಲೇ ಗುಡುಗಿದಳು: "ಎಣ್ಣೆ ಗಿಣ್ಣೆ ಏನೂ ಹಾಕ್ಬೇಡ ಅಕ್ಕ. ಕಣ್ಣು ಉಜ್ಜೋಕೆ ಬಿಡ್ಬೇಡ. ಸೀದಾ ಆಸ್ಪತ್ರೆಗೆ ಕರ್ಕೊಂಡು ಬಾ, ನಾನೂ ಬರ್ತೀನಿ."

ಕಣ್ಣಿನ ಡಾಕ್ಟರ್ ನೋಡಿ ಹೇಳಿದರು: ವೆಲ್ಡಿಂಗ್ ಬೆಳಕಿನಲ್ಲಿ ಕಣ್ಣಿಗೆ ಕಾಣದ ಕಿರಣ ಇರುತ್ತದೆ. ಬಿಸಿಲು ಚರ್ಮ ಸುಡುವ ಹಾಗೆ ಅದು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಎಕ್ಸ್‌ರೇ ಹಾಳೆ ಬೆಳಕನ್ನು ಮಂಕು ಮಾಡುತ್ತದೆ, ಆ ಕಿರಣಗಳನ್ನು ಪೂರ್ತಿ ತಡೆಯುತ್ತದೆಂದು ನಂಬುವಂತಿಲ್ಲ. ಗ್ರಹಣಕ್ಕೂ ಅದು ಸಲ್ಲದು. ಈ ಸಲ ವಾಸಿಯಾಗುತ್ತದೆ, ಪದೇ ಪದೇ ಹೀಗಾದರೆ ದೃಷ್ಟಿಗೇ ಕುತ್ತು. ಹನಿ ಔಷಧಿ ಕೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು.

ಈಗ ಆ ಮನೆಯಲ್ಲಿ ಎರಡು ಮಂಚ. ಒಂದರ ಮೇಲೆ ನಡೆಯಲಾಗದ ತಾಯಿ, ಇನ್ನೊಂದರ ಮೇಲೆ ಕಣ್ಣು ಬಿಡಲಾಗದ ಮಗ. ಮಾರನೇ ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಮುನಿಶಾಮಣ್ಣ "ಚಂದನಾ, ಚಂದನಾ" ಎಂದು ಕೂಗುತ್ತಿದ್ದ. ಬಚ್ಚಲಿಗೆ ಹೋಗಬೇಕಿತ್ತು. ಆಕೆ ಹೊಲದ ಹತ್ತಿರ ಹೋಗಿದ್ದಳು. ಕೂಗಿ ಕೂಗಿ ಸುಮ್ಮನಾದ. ಆಮೇಲೆ ನಾನು ಕೊಟ್ಟ ಗಂಜಿಯನ್ನು ಬೇಡ ಎಂದು ತಳ್ಳಿದ.

"ಯಾಕೆ ನಾಯನಾ ಬೇಡ?" ಎಂದರು ಆದಿಲಕ್ಷ್ಮಮ್ಮ.

"ಕುಡಿದ್ರೆ ಮತ್ತೆ ಹೋಗ್ಬೇಕಾಗುತ್ತಲ್ಲಮ್ಮ..." ಎಂದವನು ತಾಯಿಯ ಮಂಚದ ಕಡೆ ಮುಖ ತಿರುಗಿಸಿದ. "ಅಮ್ಮಾ, ನೀನು ನೀರು ಬಿಟ್ಟಿದ್ದು ಇದಕ್ಕೇನಾ?" ಎಂದು ಕೇಳಿದ.

"ಈಗ ಗೊತ್ತಾಯ್ತಾ?" ಎಂದರು ಅವರು. ಪಟ್ಟಿಯ ಅಡಿಯಿಂದ ನೀರು ಇಳಿದದ್ದು ಬರೀ ಔಷಧಿಯದಲ್ಲ ಎಂದು ನನಗೆ ಗೊತ್ತಾಯಿತು.

ಕಣ್ಣು ವಾಸಿಯಾಗಿ, ಡಾಕ್ಟರ್ ಸರಿ ಎಂದ ಮೇಲೆ, ರಜನಿ ಒಂದು ಚೀಲ ಹೊತ್ತು ಬಂದಳು. "ಭಾವ, ಕಲೀತೀರಾ, ಇಲ್ಲ ಇನ್ನೊಂದು ಎಕ್ಸ್‌ರೇ ಕತ್ತರಿಸ್ತೀರಾ?"

"ಕಲೀತೀನಿ ತಾಯಿ, ಅಣಕಿಸ್ಬೇಡ" ಎಂದು ಮುನಿಶಾಮಣ್ಣ ಕೈ ಮುಗಿದ.

ಮೊದಲು ನೈಲಾನ್ ಅಂಗಿ ಬಿಚ್ಚಿಸಿ ದಪ್ಪ ಹತ್ತಿ ಬಟ್ಟೆ ಹಾಕಿಸಿದಳು. ಬೂಟು, ಚರ್ಮದ ಕೈಗವಸು ತೊಡಿಸಿದಳು. ಹುಲ್ಲಿನ ಮೆದೆಯಿಂದ ದೂರ, ಗಾಳಿಯಾಡುವ ಕಡೆ ಕೂರಿಸಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಡಿಸಿದಳು.

"ಈ ಪೈಪು ತೆಳು ಭಾವ. ನಿಮ್ ಕರೆಂಟ್ ಮಷೀನಿನ ಬಿಸಿಗೆ ತೂತೇ ಬೀಳೋದು. ಇದಕ್ಕೆ ಗ್ಯಾಸ್ ಟಾರ್ಚು, ಈ ಬೆಸುಗೆ ಕಡ್ಡಿ ಸರಿ. ಕಡ್ಡಿ ಪೈಪಿಗಿಂತ ಮುಂಚೆ ಕರಗುತ್ತೆ. ಟಾರ್ಚಿಗೆ ಈ ಕಪ್ಪು ಕನ್ನಡಕ. ಕರೆಂಟ್ ಮಷೀನ್ ಮುಟ್ಟಿದ್ರೆ ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ಟೇ ಆಗ್ಬೇಕು. ನೋಡ್ತಾ ನಿಂತಿರೋರಿಗೂ ಅಷ್ಟೇ. ಗಂಗಕ್ಕ, ನೀನೂ ಹಿಂದೆ ಸರಿ!"

ನಾನು ಹಿಂದೆ ಸರಿದೆ. ಅವಳು ಕೊಟ್ಟ ಕನ್ನಡಕವನ್ನೂ ಹಾಕಿಕೊಂಡೆ.

ಅವಳು ವಾಕರ್ ಮುಟ್ಟಲು ಬಿಡಲೇ ಇಲ್ಲ. ಅಂಗಡಿಯಲ್ಲಿ ಕಿಟಕಿ ಮಾಡಿ ಉಳಿದ ಅಲ್ಯೂಮಿನಿಯಂ ತುಂಡುಗಳ ಮೇಲೆ ಕಲಿಸಿದಳು. "ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತೆ. ಅದನ್ನ ಸ್ಟೀಲ್ ಬ್ರಷ್ಷಲ್ಲಿ ತಿಕ್ಕಿ ತೆಗೀದಿದ್ರೆ ಬೆಸುಗೆ ಹಿಡಿಯಲ್ಲ. ಬ್ರಷ್ಷು ಹೊಸದಿರ್ಲಿ, ಕಬ್ಬಿಣ ತಿಕ್ಕಿದ್ದು ಬೇಡ. ಕಬ್ಬಿಣ ಆದ್ರೆ ಕೆಂಪಗಾಗಿ ಹೇಳುತ್ತೆ, ಇದು ಹೇಳಲ್ಲ. ಒಲೆ ಮೇಲಿನ ಹಾಲಿನಂಗೆ, ನೋಡ್ತಾ ನೋಡ್ತಾ ಸುಮ್ನಿದ್ದು ಒಂದೇ ಸಲ ಕೈಕೊಡುತ್ತೆ."

"ಹಾಲಿನ ವಿಷಯ ನಂಗೆ ಹೇಳ್ಕೊಡ್ಬೇಡ" ಎಂದ ಮುನಿಶಾಮಣ್ಣ.

"ಹಾಗಾದ್ರೆ ಉಕ್ಕೋ ಮುಂಚೆ ಉರಿ ತೆಗೀರಿ!"

ಮೊದಲನೆಯ ತುಂಡು ಕರಗಿ ಹೋಯಿತು. ಎರಡನೆಯದು ಅಂಟಲೇ ಇಲ್ಲ. ಅವನು ಕಡ್ಡಿಗೇ ಉರಿ ಹಿಡಿಯುತ್ತಿದ್ದ. "ಕಡ್ಡಿಗಲ್ಲ ಭಾವ, ಪೈಪಿಗೆ! ಪೈಪಿನ ಬಿಸಿಗೇ ಕಡ್ಡಿ ಕರಗ್ಬೇಕು" ಎಂದು ರಜನಿ ಕೂಗಿದಳು. ಒಂದು ವಾರ ಸಂಜೆಯೆಲ್ಲ ಇದೇ ಪಾಠ. ಅಲ್ಯೂಮಿನಿಯಂ ಬಿಸಿಯಿದ್ದರೂ ಬೆಳ್ಳಗೇ ಕಾಣುತ್ತದೆ, ಮುಟ್ಟಿದವರ ಕಥೆ ಮುಗಿಯಿತು. ಅದಕ್ಕೆ ಪ್ರತಿ ತುಂಡಿನ ಪಕ್ಕ ಸೀಮೆಸುಣ್ಣದಲ್ಲಿ "ಬಿಸಿ" ಎಂದು ಬರೆಸುತ್ತಿದ್ದಳು. ಕೊನೆಗೆ ಒಂದು ದಿನ ಅವನು ಬೆಸೆದ ತುಂಡನ್ನು ರಜನಿ ಸುತ್ತಿಗೆಯಿಂದ ಬಡಿದಳು. ತುಂಡು ಬಾಗಿತು, ಬೆಸುಗೆ ಬಿಡಲಿಲ್ಲ. "ಭೇಷ್ ಭಾವ!" ಎಂದಳು.

ಆಮೇಲೇ ವಾಕರ್. ಬಿರುಕು, ತೂತು ಬಿದ್ದ ಭಾಗವನ್ನು ಕತ್ತರಿಸಿ ತೆಗೆದು, ಅಷ್ಟೇ ಉದ್ದದ ಪೈಪಿನ ತುಂಡು ಇಟ್ಟು, ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಅಲ್ಯೂಮಿನಿಯಂ ಕೊಳವೆ ತೂರಿಸಿದರು. ಬಿಸಿಗೆ ಮೆತ್ತಗಾದ ಪೈಪಿಗೆ ಒಳಗಿನಿಂದ ಆಸರೆ ಬೇಕಲ್ಲ. ಮುನಿಶಾಮಣ್ಣ ಉಸಿರು ಬಿಗಿಹಿಡಿದು ಬೆಸೆದ. ಪೂರ್ತಿ ಆರಿದ ಮೇಲೆ ರಜನಿ ಎಲ್ಲ ಕಡೆ ತಿರುಗಿಸಿ ನೋಡಿದಳು, ಅಲ್ಲಾಡಿಸಿದಳು. "ಮನುಷ್ಯರು ಭಾರ ಬಿಡೋ ಸಾಮಾನು ಇದು. ಸುಮ್ನೆ ನಂಬಬಾರ್ದು" ಎಂದು ಅದರ ಮೇಲೆ ಎರಡು ರಾಗಿ ಮೂಟೆ ಹೇರಿಸಿ ರಾತ್ರಿಯಿಡೀ ಬಿಟ್ಟಳು.

"ನಾನೇನು ಎರಡು ಮೂಟೆ ತೂಗ್ತೀನೇನೇ?" ಎಂದರು ಆದಿಲಕ್ಷ್ಮಮ್ಮ.

"ನಿಮ್ ಬಾಯಿ ಸೇರಿಸಿ ಅತ್ತೆ" ಎಂದಳು ರಜನಿ.

ಬೆಳಿಗ್ಗೆ ಬೆಸುಗೆ ಕೂದಲಷ್ಟೂ ಬಿರಿದಿರಲಿಲ್ಲ. ಆದಿಲಕ್ಷ್ಮಮ್ಮ ಮೊದಲು ಒಂದು ಚೊಂಬು ನೀರು ಗಟಗಟ ಕುಡಿದರು. ಆಮೇಲೆ ವಾಕರ್ ಹಿಡಿದು ಎದ್ದರು. ಮುನಿಶಾಮಣ್ಣ ಕೈ ಚಾಚಿಕೊಂಡು ಹಿಂದೆಯೇ ಹೋದ. "ನೀನ್ಯಾಕೋ ಬರ್ತೀಯ? ಹೋಗು, ಕರು ಕಟ್ಟು. ಗೂಟಕ್ಕೆ ಕಟ್ಟು!" ಎಂದು ಗದರಿದರು. ಟಕ್ ಟಕ್ ಎಂದು ಒಬ್ಬರೇ ಬಚ್ಚಲಿಗೆ ಹೋದರು. ಒಳಗಿನಿಂದ ಬಾಗಿಲಿನ ಚಿಲಕ ಹಾಕಿದ ಸದ್ದು ಕೇಳಿತು. ಮುನಿಶಾಮಣ್ಣ ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಂಡ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಮುರಿದ ಸಾಮಾನು ಇರಬಹುದು, ಪುಟ್ಟ ಮಷೀನೂ ಇರಬಹುದು. ಖಂಡಿತ ಕಲಿಯಿರಿ, ರಿಪೇರಿ ಮಾಡಿ. ಆದರೆ ಬಲ್ಲವರ ಹತ್ತಿರ ಕಲಿಯಿರಿ, ಹಾಳು ತುಂಡಿನ ಮೇಲೆ ಕಲಿಯಿರಿ. ವೆಲ್ಡಿಂಗ್‌ಗೆ ಅದರದೇ ಹೆಲ್ಮೆಟ್ ಹಾಕಿ. ಕಣ್ಣು ಉರಿದರೆ ಎಣ್ಣೆ ಹುಡುಕಬೇಡಿ, ಆಸ್ಪತ್ರೆಗೆ ನಡೆಯಿರಿ. ಗೋಡೆಯ ಮೇಲಿನ ಎಕ್ಸ್‌ರೇ ಮೂಳೆ ನೋಡಲು ಮಾತ್ರ, ಅದನ್ನು ಮೊಳೆಯಲ್ಲೇ ಬಿಡಿ. ಆದಿಲಕ್ಷ್ಮಮ್ಮ ಉಳಿದ ಅರ್ಧ ಹಾಳೆಯನ್ನು ಮತ್ತೆ ಅಲ್ಲೇ ತೂಗುಹಾಕಿದ್ದಾರೆ. ಬಂದವರಿಗೆಲ್ಲ ತೋರಿಸಿ, "ಇದು ನನ್ ಸೊಂಟ, ಮಿಕ್ಕಿದ್ದು ನನ್ ಮಗನ ಬುದ್ಧಿ" ಎನ್ನುತ್ತಾರೆ.