ಕೊಳವೆ ಬಾಯಿಯ ಕೆಸರು

ನನ್ನ ಗಂಡನನ್ನು ದಡದವರೆಲ್ಲ ದಮ್ಮಣ್ಣ ಎಂದೇ ಕರೆಯುತ್ತಾರೆ. ಒಂದೇ ಉಸಿರಿಗೆ ಕಡಲ ತಳ ಮುಟ್ಟಿ ಚೀಲದ ತುಂಬ ಕಪ್ಪೆಚಿಪ್ಪು ತರುವ ಗಂಡಸು. ಮನೆಯಲ್ಲಿ ಒಂದು ಬಲ್ಬು ಬದಲಾಯಿಸಿ ಎಂದರೆ ಮಾತ್ರ ಆ ದಮ್ಮು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಅವರು ಮುಳುಗಿದಾಗ ದೋಣಿಯಲ್ಲಿ ಹಗ್ಗ ಹಿಡಿದು ಕೂರುವವಳು ನಾನು. ಈ ಕಸುಬಿನವರಿಗೆ ಒಂದು ಹಟ: ಬರಿಗೈಯಲ್ಲಿ ಮೇಲೆ ಬರುವಂತಿಲ್ಲ. ಬಂದರೆ ಜೊತೆಗಾರರು ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ.

ಊರಿನ ಕೊಳಚೆಯೆಲ್ಲ ಶುದ್ಧವಾಗದೆ ದಪ್ಪ ಕೊಳವೆಯೊಂದರಲ್ಲಿ ನಾವು ಚಿಪ್ಪು ತೆಗೆಯುವ ಜಾಗಕ್ಕೇ ಬಂದು ಬೀಳುತ್ತದೆ. ನೊರೆ, ನಾತ ತಡೆಯಲಾಗದೆ ನಾವು ಹೆಂಗಸರು ಪುರಸಭೆಗೆ ಹೋಗಿ ಗಲಾಟೆ ಮಾಡಿದೆವು. ಪರೀಕ್ಷೆಗೆಂದು ಒಬ್ಬರು ಮೇಡಂ ಬಂದರು. ತಳದ ಕೆಸರು ಸತ್ತಿದೆ, ಅದರಲ್ಲಿ ಒಂದು ಜೀವವೂ ಉಳಿದಿಲ್ಲ ಎಂದು ಗೊತ್ತಾದರೆ ಕೊಳವೆ ಬಂದ್. ಇಲ್ಲವಾದರೆ ಅದು ಹರಿಯುತ್ತಲೇ ಇರುತ್ತದೆ, ನಮ್ಮ ಹೊಟ್ಟೆಪಾಡನ್ನು ಮುಳುಗಿಸಿಯೇ ಬಿಡುತ್ತದೆ.

ಮೇಡಂ ನಮ್ಮ ದೋಣಿಯಲ್ಲೇ ಕೂತು, ಮುಚ್ಚಳದ ಡಬ್ಬಿ ಕೊಟ್ಟು, ಕೊಳವೆ ಬಾಯಿಯ ಹತ್ತಿರದ ಕೆಸರು ಬೇಕೆಂದರು. ಇವರು ಮುಳುಗಿದರು. ಎದ್ದಾಗ ಡಬ್ಬಿಯಲ್ಲಿ ಹುಳುಗಳು ಮಿಜಿಗುಡುತ್ತಿದ್ದವು, ಎರಡು ಮರಿ ಚಿಪ್ಪು ಬೇರೆ.

ಮೇಡಂ ಮುಖ ಸಪ್ಪಗಾಯಿತು. "ಇಷ್ಟು ಜೀವ ಇದ್ರೆ ನಾನೇನಮ್ಮ ಮಾಡ್ಲಿ? ತಳ ಚೆನ್ನಾಗಿದೆ ಅಂತ್ಲೇ ಹೇಳ್ಬೇಕಾಗುತ್ತೆ."

ಹಗ್ಗ ಕೊಳವೆಯ ಕಡೆಗೆ ಹೋಗದೆ, ಆಚೆ ನೀರಲ್ಲಿರುವ ದೊಡ್ಡ ಬಂಡೆಯ ಕಡೆಗೆ ಓಡಿದ್ದು ನನ್ನ ಕೈಗೆ ಗೊತ್ತಾಗಿತ್ತು. "ರೀ, ಇದನ್ನ ಎಲ್ಲಿಂದ ತಂದ್ರಿ?"

"ಬಂಡೆ ಆಚೆಯಿಂದ. ಕೊಳವೆ ಹತ್ರ ಏನೂ ಇರ್ಲಿಲ್ಲ ಕಣೇ. ಮೇಡಂ ಮುಂದೆ ಖಾಲಿ ಕೆಸರು ಹಿಡ್ಕೊಂಡು ಬರ್ಲಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಅಯ್ಯೋ ನನ್ನ ಕರ್ಮವೇ! ಆ ಖಾಲಿ ಕೆಸರೇ ರೀ ಅವರಿಗೆ ಬೇಕಾಗಿರೋದು!"

ಇವರು ದಡದತ್ತ ನೋಡಿದರು. ಇವರ ಅಣ್ಣ, ಅಂದರೆ ನನ್ನ ಭಾವ, ಉಳಿದ ಮುಳುಗುಗಾರರ ಜೊತೆ ಅಲ್ಲಿ ನಿಂತಿದ್ದರು. ಆಮೇಲೆ ಇವರು ಡಬ್ಬಿ ತೊಳೆದುಕೊಂಡು ಮತ್ತೆ ಮುಳುಗಿದರು.

ಈ ಸಲ ಬಂದದ್ದು ಡಾಂಬರಿನಷ್ಟು ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ. ಒಂದು ಹುಳುವೂ ಇಲ್ಲ. ಬಾಯಿ ತೆರೆದ ಖಾಲಿ ಚಿಪ್ಪುಗಳು ಮಾತ್ರ. ಕೊಳಚೆ ತಳಕ್ಕಿಳಿದು ಕೊಳೆಯುವಾಗ ಅಲ್ಲಿಯ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತದೆ, ಓಡಲಾರದ ಜೀವಗಳು ಇದ್ದಲ್ಲೇ ಉಸಿರುಕಟ್ಟಿ ಸಾಯುತ್ತವೆ ಎಂದರು ಮೇಡಂ.

ದಡಕ್ಕೆ ಬಂದಾಗ ಭಾವ ಡಬ್ಬಿಯೊಳಗೆ ಇಣುಕಿ ಕೆಂಡವಾದರು. "ನಿಂಗೆ ಸಿಗ್ಲಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತಿದ್ದೀಯೇನೋ? ಮಾನ ಬೇಡ್ವಾ?"

"ಅಣ್ಣ, ನೀನು ಅಲ್ಲಿ ಚಿಪ್ಪು ತೆಗೆದು ಎಷ್ಟು ದಿನ ಆಯ್ತು?"

ಭಾವ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಮೆಲ್ಲಗೆ, "ಹೋದ ವರ್ಷಾನೇ ನಿಂತೋಯ್ತು. ನಾನೂ ಬಂಡೆ ಆಚೆಯಿಂದಾನೇ ತರ್ತಿದ್ದೆ. ನೀನು ದಿನಾ ಅಲ್ಲಿಂದ್ಲೇ ಚೀಲ ತುಂಬಿಸ್ಕೊಂಡು ಬರ್ತೀಯ, ನಂಗೇ ವಯಸ್ಸಾಯ್ತು, ಕೈ ಬಿದ್ದೋಯ್ತು ಅಂದ್ಕೊಂಡೆ" ಎಂದರು.

"ನಾನೂ ನಿನ್ನ ಚೀಲ ನೋಡೇ ಸುಮ್ನಿದ್ದೆ," ಎಂದರು ಇವರು.

ಉಳಿದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಂಡೆಯಾಚೆ ಚಿಪ್ಪು ದಪ್ಪ ಇರುತ್ತೆ ಎಂದು ಇವರು ಹೇಳಿದ್ದನ್ನು ನಾನೂ ವರ್ಷವಿಡೀ ನಂಬಿದ್ದೆ.

"ಮೇಡಂ, ಹೋದ ವರ್ಷಾನೇ ಇವರು ಬಾಯಿ ಬಿಟ್ಟಿದ್ರೆ?" ಎಂದು ಕೇಳಿದೆ.

"ಆಗ ಕೆಸರಲ್ಲಿ ಇನ್ನೂ ಒಂದಿಷ್ಟು ಜೀವ ಇರ್ತಿತ್ತೇನೋ. ಬೇಗ ಚೇತರಿಸ್ಕೊಳ್ತಿತ್ತು. ಈಗ ಕೊಳವೆ ನಿಲ್ಸೋಕೆ ಈ ಡಬ್ಬಿ ಸಾಕು. ಆದ್ರೆ ಅಲ್ಲಿ ಮತ್ತೆ ಚಿಪ್ಪು ಹುಟ್ಟೋದನ್ನ ನೀವು ನೋಡ್ತೀರೋ ಇಲ್ವೋ, ನಾನು ಹೇಳಲಾರೆ."

ಅಣ್ಣತಮ್ಮಂದಿರಿಬ್ಬರನ್ನೂ ಹಿಡಿದು ಬಾರಿಸಬೇಕು ಎನಿಸಿತು. ಬೈಯಲು ಬಾಯಿ ತೆರೆದವಳು, ಭಾವ ಅಳುತ್ತಿರುವುದನ್ನು ಕಂಡು ಸುಮ್ಮನಾದೆ.